ನಿಧಾನಿಯ ದಂಡು

"ಸ್ವಲ್ಪ ಎತ್ತಿ ಮಾಮ, ನಿಮ್ಮ ಕಡೆ ತಗ್ಗಾಯ್ತು," ಎಂದಳು ಹಲಗೆಯ ಆ ತುದಿಯಿಂದ ನಿಧಾನಿಯ ಮಗಳು.

"ಎತ್ತಿದ್ದೀನಮ್ಮ. ಇನ್ನೂ ಎತ್ತಿದ್ರೆ ಸೊಂಟ ಕಳಚಿ ಕೈಗೆ ಬರತ್ತೆ," ಎಂದರು ಈ ತುದಿಯಿಂದ ಹಲ್ಲಿನ ಡಾಕ್ಟರು.

ಒಂಬತ್ತಡಿ ಉದ್ದ, ಐದಡಿ ಅಗಲದ ಪ್ಲೈವುಡ್ ಹಲಗೆ ಅಡುಗೆಮನೆ ಪಕ್ಕದ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡು ಮುಂದಕ್ಕೂ ಬರುವುದಿಲ್ಲ, ಹಿಂದಕ್ಕೂ ಹೋಗುವುದಿಲ್ಲ ಎಂದು ಹಟ ಹಿಡಿದಿತ್ತು. ಅದರ ಮೈಮೇಲೆ ಹಸಿರು ಬಯಲು, ಬಯಲಿನ ನಡುವೆ ನೀಲಿ ನದಿ, ನದಿಗೊಂದು ಸೇತುವೆ, ಎಲ್ಲವನ್ನೂ ಬಣ್ಣದಲ್ಲಿ ಬರೆದಿತ್ತು. ಇಪ್ಪತ್ತು ವರ್ಷದಿಂದ ಆ ಹಲಗೆ ಈ ಮನೆಯ ಮುಂದಿನ ಕೋಣೆಯಲ್ಲಿ ಗೋಡೆಗೆ ಒರಗಿ ಒಂದು ಯುದ್ಧಕ್ಕಾಗಿ ಕಾಯುತ್ತಿತ್ತು. ಇವತ್ತು ಆ ಕೋಣೆಗೆ ಮನೆಯ ಯಜಮಾನ ನಿಧಾನಿಯೇ ಬರುವವನಿದ್ದ. ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಅರ್ಧ ಗಂಟೆ ಅಡ್ಡಾಗುತ್ತೇನೆ ಎಂದು ಮಲಗಿದವನು ಏಳಲಿಲ್ಲ. ಆಸ್ಪತ್ರೆಯವರು ನೋಡಬೇಕಾದ್ದನ್ನು ನೋಡಿ, ಬರೆಯಬೇಕಾದ್ದನ್ನು ಬರೆದು, ಬೆಳಿಗ್ಗೆ ಹತ್ತಕ್ಕೆ ಕಳಿಸಿಕೊಡುತ್ತೇವೆ ಎಂದಿದ್ದರು. ಅಷ್ಟರೊಳಗೆ ಅವನನ್ನು ಮಲಗಿಸಲು ಜಾಗವಾಗಬೇಕಿತ್ತು.

"ಓರೆ ಮಾಡಿ. ಹಾಗಲ್ಲ, ನಿಮ್ಮ ಎಡಕ್ಕೆ. ಉಸಿರು ಬಿಡಿ ಮಾಮ, ಉಸಿರು ಹಿಡೀಬೇಡಿ," ಎಂದಳು ಮಗಳು. ಅವಳದು ಮಕ್ಕಳಿಗೆ ಈಜು ಕಲಿಸುವ ಕೆಲಸ. ಕೊಳದ ಆಚೆ ದಡಕ್ಕೆ ಮುಟ್ಟುವ ದನಿ. ನಿನ್ನೆಯಿಂದ ಒಂದು ಹನಿ ಕಣ್ಣೀರು ಹಾಕದೆ ಎಲ್ಲರಿಗೂ ಇದು ಮಾಡಿ, ಅದು ಮಾಡಿ ಎಂದು ಹೇಳುತ್ತಲೇ ಇದ್ದಳು. ಹೇಳುವುದನ್ನು ನಿಲ್ಲಿಸಿದರೆ ಏನಾದೀತು ಎಂಬುದು ಅವಳಿಗೆ ಗೊತ್ತಿದ್ದ ಹಾಗಿತ್ತು.

ಹಲಗೆ ಕೊನೆಗೂ ಹಿತ್ತಿಲಿಗೆ ಬಂತು. ಡಾಕ್ಟರು ಗೋಡೆಗೆ ಕೈಕೊಟ್ಟು ನಿಂತು ಸುಧಾರಿಸಿಕೊಂಡರು. ಅರವತ್ತೆಂಟು ವಯಸ್ಸಿಗೆ ಇದು ಮಾಡುವ ಕೆಲಸವಲ್ಲ. ಆದರೆ ಬೇಡ ಎನ್ನುವ ಧೈರ್ಯ ಅವರಿಗೆ ಇರಲಿಲ್ಲ. ಇಪ್ಪತ್ಮೂರು ವರ್ಷ ಪ್ರತಿ ಭಾನುವಾರ ಬಂದು ಕೂತು ಟೀ ಕುಡಿದ ಮನೆಗೆ ಅವರು ಕಾಲಿಟ್ಟು ನಾಲ್ಕು ತಿಂಗಳಾಗಿತ್ತು. ಯಾರೂ ಅವರನ್ನು ಬರಬೇಡ ಅಂದಿರಲಿಲ್ಲ. ಅವರೇ ಒಂದು ಕೆಲಸ ಕೆಡಿಸಿಟ್ಟಿದ್ದರು. ನಿಧಾನಿ ಅದಕ್ಕೆ ಬಯ್ಯಲೂ ಇಲ್ಲ, ಮತ್ತೆ ಕರೆಯಲೂ ಇಲ್ಲ. ಕರೆಯಲಿ ಎಂದು ಇವರು ಕಾದರು. ಕಾಯುತ್ತಿರುವಾಗಲೇ ನಿನ್ನೆ ಸಂಜೆ ಮಗಳ ಫೋನು ಬಂತು.

ಸಿಟ್ಟಿಟ್ಟುಕೊಂಡೇ ಹೋದನೇ ಇವನು? ರಾತ್ರಿಯಿಂದ ಡಾಕ್ಟರ ಎದೆಯಲ್ಲಿ ಕೂತಿದ್ದದ್ದು ಇದೊಂದೇ ಪ್ರಶ್ನೆ. ಕೇಳೋಣವೆಂದರೆ ಉತ್ತರ ಹೇಳಬೇಕಾದವನೇ ಇಲ್ಲ.

*

ಅವರಿಬ್ಬರ ಪರಿಚಯವಾದದ್ದು ಒಂದು ದವಡೆ ಹಲ್ಲಿನ ದೆಸೆಯಿಂದ. ನಿಧಾನಿ ಆಗ ಅಂಚೆಯ ಸಾರ್ಟಿಂಗ್ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದ. ಕೆನ್ನೆ ಊದಿಸಿಕೊಂಡು ಕ್ಲಿನಿಕ್ಕಿಗೆ ಬಂದವನು ಕುರ್ಚಿಯಲ್ಲಿ ಕೂತು ಬಲಗೈ ಮುಷ್ಟಿ ಬಿಗಿಹಿಡಿದ. ಹಲ್ಲು ಕಿತ್ತು ಮುಗಿದ ಮೇಲೂ ಮುಷ್ಟಿ ಬಿಚ್ಚಲಿಲ್ಲ. ಡಾಕ್ಟರು ಕೈ ಮರಗಟ್ಟಿತೋ ಏನೋ ಎಂದು ಬೆರಳು ಬಿಡಿಸಿ ನೋಡಿದರೆ ಒಳಗೆ ಅರ್ಧ ಹೆಬ್ಬೆರಳಿನಷ್ಟು ಎತ್ತರದ ಲೋಹದ ಸೈನಿಕನೊಬ್ಬ ಬಂದೂಕು ಹೆಗಲಿಗೇರಿಸಿ ನಿಂತಿದ್ದ.

"ಗಟ್ಟಿಯಾಗಿ ಹಿಡ್ಕೊಳ್ಳೋಕೆ ಏನಾದ್ರೂ ಬೇಕಿತ್ತು," ಎಂದ ನಿಧಾನಿ, ಬಾಯಲ್ಲಿ ಹತ್ತಿ ಇಟ್ಟುಕೊಂಡೇ.

ಡಾಕ್ಟರು ಹೋಗಿ ಸಲಕರಣೆಯ ಕೆಳಗಿನ ಡ್ರಾಯರು ಎಳೆದರು. ಅದರಲ್ಲಿ ನರ್ಸಿಗೆ ಕಾಣದಂತೆ ಮುಚ್ಚಿಟ್ಟ ಮೂವತ್ತು ಸೈನಿಕರಿದ್ದರು. ಹೊರಗೆ ಕಾಯುತ್ತಿದ್ದ ರೋಗಿಗಳು ಆ ಸಂಜೆ ಮುಕ್ಕಾಲು ಗಂಟೆ ಕಾದರು.

ಹೀಗೆ ಇಬ್ಬರೂ ಶತ್ರುಗಳಾದರು. ಇನ್ನೂರೈವತ್ತು ವರ್ಷದ ಹಿಂದೆ ಮಂಜು ಮುಸುಕಿದ ಒಂದು ಬೆಳಿಗ್ಗೆ, ಒಂದು ಸೇತುವೆಗಾಗಿ ನಡೆದ ಯುದ್ಧವನ್ನು ಮೇಜಿನ ಮೇಲೆ ಮತ್ತೆ ನಡೆಸುವುದು ಎಂದು ಮಾತಾಯಿತು. ಚರಿತ್ರೆಯ ಪುಸ್ತಕದಲ್ಲಿ ಒಂದೂವರೆ ಸಾಲು ಸಿಕ್ಕಿದ ಯುದ್ಧ ಅದು. ನೀಲಿ ಕೋಟಿನವರು ಆರುನೂರ ನಲವತ್ತು ಜನ, ಅವರು ನಿಧಾನಿಯ ಕಡೆ. ಬಿಳಿ ಕೋಟಿನವರು ಐನೂರ ಎಂಬತ್ತು, ಅವರು ಡಾಕ್ಟರ ಕಡೆ, ಜೊತೆಗೆ ಕುದುರೆಗಳು. ಷರತ್ತು ಒಂದೇ: ಬಣ್ಣ ಮುಗಿಯದ ಒಬ್ಬನೂ ಮೇಜು ಹತ್ತುವಂತಿಲ್ಲ. ಅವತ್ತಿನಿಂದ ಡಾಕ್ಟರ ಫೋನು ಬಂದಾಗಲೆಲ್ಲ ನಿಧಾನಿಯ ಹೆಂಡತಿ ಒಳಗೆ ಮುಖ ಮಾಡಿ, "ರೀ, ನಿಮ್ಮ ಶತ್ರು," ಎಂದು ಕೂಗುವುದು ವಾಡಿಕೆಯಾಯಿತು.

ಡಾಕ್ಟರ ಸೈನ್ಯ ಆರು ವರ್ಷದಲ್ಲಿ ಸಿದ್ಧವಾಯಿತು. ಒಂದು ಸಲಕ್ಕೆ ಇಪ್ಪತ್ತು ಜನರನ್ನು ತೆಗೆದುಕೊಂಡು, ಬೂಟಿನಿಂದ ಟೋಪಿಯವರೆಗೆ ಮುಗಿಸಿ, ಗಾಜಿನ ಬೀರುವಿಗೆ ಏರಿಸಿ, ಮುಂದಿನ ಇಪ್ಪತ್ತಕ್ಕೆ ಕೈಹಾಕುತ್ತಿದ್ದರು. ಯಾರಾದರೂ ಹಾಗೇ ಮಾಡುತ್ತಾರೆ. ನಿಧಾನಿ ಹಾಗೆ ಮಾಡುವವನಲ್ಲ. ಅವನದು ಸಾರ್ಟಿಂಗ್ ಬುದ್ಧಿ. ಒಂದೊಂದು ಮರದ ಅಡಿಪಟ್ಟಿಗೆ ಹತ್ತು ಜನರಂತೆ ಅಂಟಿಸಿ ಅರವತ್ನಾಲ್ಕು ಪಟ್ಟಿ ಮಾಡಿಕೊಂಡ. ಮೊದಲು ಆರುನೂರ ನಲವತ್ತು ಜನರಿಗೂ ಬೂಟು. ಬೂಟು ಮುಗಿದ ಮೇಲೆ ಆರುನೂರ ನಲವತ್ತು ಜನರಿಗೂ ಪ್ಯಾಂಟು. ಆಮೇಲೆ ಕೋಟು, ಆಮೇಲೆ ಬೆಲ್ಟು. ಬೂಟಿಗೇ ಒಂದೂವರೆ ವರ್ಷ ಹಿಡಿಯಿತು. ಆ ಮನೆಯಲ್ಲಿ ವರ್ಷಗಳನ್ನು ಎಣಿಸುತ್ತಿದ್ದುದೂ ಹಾಗೆಯೇ. ಮಗಳು ಮೊದಲ ಸಲ ಈಜಿನಲ್ಲಿ ಪದಕ ಗೆದ್ದದ್ದು ಕೋಟಿನ ವರ್ಷ. ಹೆಂಡತಿ ಕಾಲು ಮುರಿದುಕೊಂಡದ್ದು ಕೋಟಿನ ಗುಂಡಿಯ ವರ್ಷ. ಅವನು ನಿವೃತ್ತನಾದದ್ದು ಬಂದೂಕಿನ ವರ್ಷ.

ಇದನ್ನು ನೋಡಿ ನೋಡಿ ಡಾಕ್ಟರಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

"ಒಂದು ನೂರು ಜನರನ್ನಾದ್ರೂ ಪೂರ್ತಿ ಮುಗಿಸೋ ಮಾರಾಯ. ಸಣ್ಣದೊಂದು ಜಗಳನಾದ್ರೂ ಆಡೋಣ."

"ಆಗಲ್ಲ ಕಣೋ. ನೂರು ಜನಕ್ಕೆ ಬೆಲ್ಟು ಕೊಟ್ಟು ಉಳಿದವರನ್ನ ಹಾಗೇ ನಿಲ್ಲಿಸಿದ್ರೆ ಅವರ ಮುಖ ನೋಡೋಕೆ ನಂಗಾಗಲ್ಲ."

"ಅವರಿಗಿನ್ನೂ ಮುಖಾನೇ ಇಲ್ವಲ್ಲೋ."

"ಅದಕ್ಕೇ ಮುಖ ಕೊನೇಗೆ ಇಟ್ಕೊಂಡಿರೋದು," ಎಂದು ನಿಧಾನಿ ಬ್ರಷ್ಷಿನ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದ. "ಒಬ್ಬನಿಗೆ ಆಗಿದ್ದು ಎಲ್ಲರಿಗೂ ಆಗಬೇಕು. ದಂಡು ಅಂದ್ರೆ ಮತ್ತೇನು?"

ಡಾಕ್ಟರು ಬಯ್ಯುತ್ತಲೇ ಟೀ ಕುಡಿಯುತ್ತಿದ್ದರು. ಬಯ್ಯುವುದಕ್ಕೆಂದೇ ಮುಂದಿನ ಭಾನುವಾರ ಮತ್ತೆ ಬರುತ್ತಿದ್ದರು.

*

ಹತ್ತು ಗಂಟೆಗೆ ಎಂದವರು ಹನ್ನೊಂದೂಕಾಲಿಗೆ ಬಂದರು. "ಇವತ್ತೂ ಲೇಟು," ಎಂದು ಬಾಗಿಲಲ್ಲಿ ನಿಂತಿದ್ದ ಹಳೆಯ ಸಹೋದ್ಯೋಗಿ ಗೊಣಗಿದ. ನಿಧಾನಿ ಎಂದು ಮೊದಲು ಹೆಸರಿಟ್ಟವನೇ ಅವನು. ಸಾರ್ಟಿಂಗ್ ಕಚೇರಿಯಲ್ಲಿ ಮೂವತ್ನಾಲ್ಕು ವರ್ಷ ಪಕ್ಕದ ಸ್ಟೂಲಿನಲ್ಲಿ ಕೂತವನು.

ಮುಂದಿನ ಕೋಣೆಯಲ್ಲಿ ನಿಧಾನಿಯನ್ನು ಮಲಗಿಸಿ, ಕತ್ತಿನವರೆಗೆ ಬಿಳಿ ಬಟ್ಟೆ ಹೊದಿಸಿದರು. ಜನ ಒಬ್ಬೊಬ್ಬರಾಗಿ ಬಂದು ಹೂವಿಟ್ಟು ಬಾಡಿಗೆ ಕುರ್ಚಿಗಳಲ್ಲಿ ಕೂತರು. ಡಾಕ್ಟರು ತಲೆಯ ಹತ್ತಿರ ನಿಂತರು. ಎಲ್ಲರೂ ಮುಖ ನೋಡಿದರೆ ಅವರ ಕಣ್ಣು ಅಭ್ಯಾಸದಂತೆ ಬಾಯಿಯ ಮೇಲೆ ಹೋಯಿತು. ತುಟಿ ಮುಚ್ಚಿತ್ತು. ಆ ತುಟಿಯ ಹಿಂದಿನ ಹಲ್ಲುಗಳಲ್ಲಿ ಒಂಬತ್ತು ಅವರ ಕೈಕೆಲಸ. ಯಾವುದು ಯಾವ ವರ್ಷದ್ದು ಎಂದು ಕಣ್ಣು ಮುಚ್ಚಿ ಹೇಳಬಲ್ಲರು. ಒಳಗಿನ ಹಲ್ಲು ಇಷ್ಟು ಗೊತ್ತಿದ್ದೂ ಒಳಗಿನ ಮಾತು ಗೊತ್ತಾಗಲಿಲ್ಲವಲ್ಲ ಎಂದು ಅವರಿಗೆ ಸಂಕಟವಾಯಿತು.

"ಮೂವತ್ನಾಲ್ಕು ವರ್ಷದಲ್ಲಿ ಇವನ ಕೈಯಿಂದ ಒಂದು ಕಾಗದ ತಪ್ಪು ಊರಿಗೆ ಹೋಗಿಲ್ಲ," ಎಂದ ಸಹೋದ್ಯೋಗಿ ಪಕ್ಕದವರಿಗೆ. "ಸರಿಯಾದ ಊರಿಗೆ ಸರಿಯಾದ ದಿನ ಹೋಗಿದ್ದೂ ಕಮ್ಮಿ ಅನ್ನಿ."

ಎರಡು ಮೂರು ಜನ ನಕ್ಕರು. ನಕ್ಕವರು ತಪ್ಪು ಮಾಡಿದವರಂತೆ ಮಲಗಿದವನ ಕಡೆ ನೋಡಿದರು.

ನಿಧಾನಿಯ ಹೆಂಡತಿಯ ಅಣ್ಣ ಆ ಮನೆಯ ಹಿರಿಯ. ಗಾಡಿ, ಕುರ್ಚಿ, ಹೂವು ಎಂದು ಓಡಾಡಿದವರು ಈಗ ಒಳಕೋಣೆಯ ಮುಚ್ಚಿದ ಬಾಗಿಲ ಮುಂದೆ ನಿಂತು ತಂಗಿಯನ್ನು ಕೇಳಿದರು. "ಅಲ್ಲಮ್ಮ, ಈ ರೂಮಿನಲ್ಲಿರೋದನ್ನ ಏನು ಮಾಡೋದು ಅಂತ? ಬಂದವರ ಚೀಲಗೀಲ ಇಡೋಕಾದ್ರೂ ಜಾಗ ಆಗ್ತಿತ್ತು."

"ಇವತ್ತು ಆ ಬಾಗಿಲು ಯಾರೂ ತೆಗೀಬೇಡಿ ಅಣ್ಣ," ಎಂದರು ಆಕೆ.

ಆ ಬಾಗಿಲಿನ ಹಿಂದೆಯೇ ಡಾಕ್ಟರ ಪ್ರಶ್ನೆಯ ಉತ್ತರ ಇತ್ತು. ಕೊನೆಯ ನಾಲ್ಕು ಪಟ್ಟಿ, ನಲವತ್ತು ಜನ. ಅವರನ್ನು ಒಮ್ಮೆ ನೋಡಿದರೆ ಸಾಕು, ನಿಧಾನಿ ಏನು ಮಾಡಿದ, ಏನಂದುಕೊಂಡ ಎಂಬುದು ತಿಳಿದುಹೋಗುತ್ತಿತ್ತು. ಬಾಗಿಲು ತೆಗೆಯಿರಿ ಎಂದು ಕೇಳುವ ದಿನವೂ ಇದಲ್ಲ, ಕೇಳುವ ಮುಖವೂ ತಮ್ಮದಲ್ಲ ಎಂದು ಹಿತ್ತಿಲಿಗೆ ನಡೆದರು.

ಹಿತ್ತಿಲಿನಲ್ಲಿ ಮಗಳು ಯುದ್ಧದ ಹಲಗೆಯನ್ನು ನಾಲ್ಕು ಕುರ್ಚಿಗಳ ಮೇಲೆ ಅಡ್ಡ ಹಾಕಿ ಅದನ್ನೇ ಟೀ ಮೇಜು ಮಾಡಿಬಿಟ್ಟಿದ್ದಳು. ಬಯಲಿನ ತುಂಬ ಲೋಟಗಳು. ನದಿಯ ಉದ್ದಕ್ಕೂ ಬಿಸ್ಕತ್ತಿನ ತಟ್ಟೆಗಳು. ಸಹೋದ್ಯೋಗಿ ತನ್ನ ಲೋಟವನ್ನು ಸೇತುವೆಯ ಮೇಲಿಟ್ಟ.

"ಅಲ್ಲಿಡಬೇಡಿ," ಎಂದರು ಡಾಕ್ಟರು, ಬಾಯಿ ಜಾರಿ.

"ಯಾಕೆ ಸಾರ್, ಅಲುಗಾಡತ್ತಾ?"

"ಇಲ್ಲ. ಅಲ್ಲಿಂದ ನನ್ನ ಕುದುರೆಗಳು ಬರಬೇಕಿತ್ತು."

ಸಹೋದ್ಯೋಗಿ ಅವರ ಮುಖ ನೋಡಿ, ಲೋಟವನ್ನು ಆಚೆ ದಡಕ್ಕೆ ಇಟ್ಟ.

*

ನಾಲ್ಕೂವರೆ ತಿಂಗಳ ಹಿಂದೆ ನಿಧಾನಿಯನ್ನು ಎದೆನೋವೆಂದು ಆಸ್ಪತ್ರೆಗೆ ಸೇರಿಸಿದ್ದರು. ಅದು ಮುಖದ ವರ್ಷ. ಮುಖ ಶುರುವಾಗಿ ಮೂರು ವರ್ಷವಾಗಿ, ಆರುನೂರು ಜನರಿಗೆ ಕಣ್ಣು, ಮೂಗು, ಮೀಸೆ ಬಂದಿತ್ತು. ಆರುನೂರು ಜನರೂ ಬಾಯಿ ಮುಚ್ಚಿಕೊಂಡು, ಹುಬ್ಬು ಗಂಟಿಕ್ಕಿ ಎದುರು ನೋಡುತ್ತಿದ್ದರು. ಉಳಿದದ್ದು ನಲವತ್ತೇ ನಲವತ್ತು.

ಆಸ್ಪತ್ರೆಯ ಮಂಚದಲ್ಲಿ ಅವನ ಮೂಗಿಗೆ ಸಿಕ್ಕಿಸಿದ ಕೊಳವೆ ನೋಡಿ ಡಾಕ್ಟರಿಗೆ ಹೆದರಿಕೆಯಾಯಿತು. ಇವನು ಹೀಗೇ ಹೋಗಿಬಿಟ್ಟರೆ? ಯುದ್ಧವನ್ನೇ ನೋಡದೆ? ಹೆದರಿದ ಮನುಷ್ಯನಿಗೆ ಬುದ್ಧಿ ನೆಟ್ಟಗಿರುವುದಿಲ್ಲ. ಆ ಸಂಜೆಯೇ ಮನೆಗೆ ಬಂದು ನಿಧಾನಿಯ ಹೆಂಡತಿಗೆ, "ಅತ್ತಿಗೆ, ಸ್ವಲ್ಪ ಧೂಳು ಒರೆಸಿ ತಂದ್ಕೊಡ್ತೀನಿ," ಎಂದು ಸುಳ್ಳು ಹೇಳಿ ಆ ನಾಲ್ಕು ಪಟ್ಟಿಗಳನ್ನು ಎತ್ತಿಕೊಂಡು ಹೋದರು.

ಎರಡು ಭಾನುವಾರ ಕ್ಲಿನಿಕ್ಕಿನ ದೊಡ್ಡ ದೀಪದ ಕೆಳಗೆ ಕೂತು ನಲವತ್ತು ಮುಖ ಮುಗಿಸಿದರು. ಚೆನ್ನಾಗಿಯೇ ಮಾಡಿದರು. ಒಂದೇ ಒಂದು ಸಂಗತಿ. ನಲವತ್ತೈದು ವರ್ಷ ಬಾಯಿ ತೆರೆದವರನ್ನೇ ನೋಡಿದ ಕೈ ಅದು. ಮುಖ ಎಂದರೆ ಆ ಕೈಗೆ ಹಲ್ಲು. ಮೀಸೆಯ ಕೆಳಗೆ ಎಡದಿಂದ ಬಲಕ್ಕೆ ಕೂದಲೆಳೆಯಷ್ಟು ತೆಳುವಾಗಿ ಒಂದು ಬಿಳಿ ಗೆರೆ ಎಳೆದರು. ನಲವತ್ತು ಜನರಿಗೂ. ತಾವು ಮಾಡಿದ್ದೇನೆಂಬುದು ಅವರಿಗೆ ಗೊತ್ತಾದದ್ದು ಅವನ್ನು ನಿಧಾನಿಯ ಕೈಗೆ ಕೊಟ್ಟಾಗಲೇ.

ಆಸ್ಪತ್ರೆಯಿಂದ ಬಂದು ಎರಡು ದಿನವಾಗಿತ್ತು. ನಿಧಾನಿ ಕಣ್ಣಿಗೆ ಭೂತಗನ್ನಡಿ ಹಚ್ಚಿ ಮೊದಲ ಪಟ್ಟಿಯನ್ನು ನೋಡಿದ. ಎರಡನೆಯದನ್ನು ನೋಡಿದ. ನಾಲ್ಕನ್ನೂ ನೋಡಿ ಮುಗಿಸಲು ಕಾಲು ಗಂಟೆ ತೆಗೆದುಕೊಂಡ.

"ಹಲ್ಲು ಹಾಕಿದೀಯ," ಎಂದ.

"ಮುಗೀತಲ್ಲ ಕಣೋ," ಎಂದರು ಡಾಕ್ಟರು, ಬೇಡದ ಉತ್ಸಾಹದಿಂದ. "ಬರೋ ಭಾನುವಾರ ಯುದ್ಧ ಇಟ್ಕೊಳ್ಳೋಣ. ಹಲಗೆ ಇಳಿಸೋಕೆ ನಾನು ಬರ್ತೀನಿ."

"ನಾನು ಫೋನು ಮಾಡ್ತೀನಿ."

ಇಪ್ಪತ್ಮೂರು ವರ್ಷದಲ್ಲಿ ನಿಧಾನಿ ಒಮ್ಮೆಯೂ ನಾನು ಫೋನು ಮಾಡ್ತೀನಿ ಅಂದವನಲ್ಲ. ಡಾಕ್ಟರು ಮೆಟ್ಟಿಲಿಳಿದು ಹೋಗುವಾಗ ತಮ್ಮ ಕೈಯನ್ನೇ ನೋಡಿಕೊಂಡರು. ಇನ್ನೊಬ್ಬನ ಇಪ್ಪತ್ಮೂರು ವರ್ಷದ ಕೊನೆಯ ನಲವತ್ತು ಮುಖಗಳನ್ನು ಕಸಿದುಕೊಂಡು, ಅವನನ್ನು ಒಂದು ಮಾತೂ ಕೇಳದೆ, ಹಲ್ಲು ಕಿಸಿಯುವ ಸೈನಿಕರನ್ನು ಮಾಡಿ ಅವನ ಕೈಯಲ್ಲಿಟ್ಟು ಬಂದಿದ್ದರು. ಮುಂದಿನ ವಾರ ತಾವೇ ಫೋನು ಮಾಡಿದರು. "ಒಳಗೆ ಕೆಲಸ ಮಾಡ್ತಿದ್ದಾರೆ, ಆಮೇಲೆ ಮಾಡ್ತಾರಂತೆ," ಎಂದರು ಅತ್ತಿಗೆ. ಅದರ ಮುಂದಿನ ವಾರವೂ ಅದೇ ಮಾತು. ಎಲ್ಲ ಮುಗಿದ ಮೇಲೆ ಇನ್ನೆಂಥ ಕೆಲಸ? ತಾವು ಬರೆದ ನಲವತ್ತು ಮುಖಗಳನ್ನು ಅಳಿಸುತ್ತಿದ್ದಾನೆ, ಮತ್ತೇನು. ಡಾಕ್ಟರಿಗೆ ಅವಮಾನವಾಯಿತು, ಅವಮಾನದ ಬೆನ್ನಿಗೆ ಬಿಗುಮಾನವೂ ಬಂತು. ಬೇಕಾದರೆ ಅವನೇ ಮಾಡಲಿ ಎಂದು ಫೋನು ಮಾಡುವುದನ್ನು ಬಿಟ್ಟರು.

*

ಮೂರು ಗಂಟೆಗೆ ಮಣ್ಣಾಯಿತು. ಎಲ್ಲರಂತೆ ಡಾಕ್ಟರೂ ಒಂದು ಹಿಡಿ ಮಣ್ಣು ಹಾಕಿದರು. ಮಗಳು ಆಗ ಅತ್ತಳು. ಕೊಳದ ಆಚೆ ದಡಕ್ಕೆ ಕೇಳುವ ದನಿಯಲ್ಲೇ ಅತ್ತಳು. ಯಾರೂ ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ.

ವಾಪಸು ಬರುವಾಗ ಅತ್ತಿಗೆ ಡಾಕ್ಟರ ಕಾರಿನಲ್ಲಿ ಕೂತರು. ಸಿಗ್ನಲ್ ಒಂದರಲ್ಲಿ ಕಾರು ನಿಂತಾಗ ಆಕೆ ಕಿಟಕಿಯ ಹೊರಗೆ ನೋಡುತ್ತಲೇ ಮಾತು ತೆಗೆದರು.

"ಡಾಕ್ಟ್ರೇ, ಒಂದು ಕೇಳ್ಲಾ? ಅವರಿಗೆ ಹಲ್ಲುನೋವಿತ್ತಾ?"

"ಯಾಕೆ ಅತ್ತಿಗೆ?"

"ಈ ನಾಲ್ಕು ತಿಂಗಳು ಕನ್ನಡಿ ಮುಂದೆ ನಿಂತು ಹಲ್ಲು ಕಿಸೀತಿದ್ರು. ದಿನಾ ಬೆಳಿಗ್ಗೆ. ಮೆಲ್ಲಗೆ ಕಿಸಿಯೋದು, ಮುಚ್ಚೋದು, ಮತ್ತೆ ಕಿಸಿಯೋದು. ನಂಗೆ ಹೆದರಿಕೆ ಆಯ್ತು. ನಿಮ್ಮ ಶತ್ರು ಹತ್ರ ಹೋಗಿ ತೋರಿಸ್ಬಾರ್ದಾ ಅಂದೆ. ಬೇಡ, ಈಗ ಅವನ ಹತ್ರ ಹೋಗಲ್ಲ ಅಂದ್ರು."

ಹಿಂದಿನ ಗಾಡಿಯವನು ಹಾರ್ನ್ ಹೊಡೆದ ಮೇಲೆ ಡಾಕ್ಟರಿಗೆ ದೀಪ ಹಸಿರಾದದ್ದು ತಿಳಿಯಿತು. ಹಲ್ಲುನೋವು ಇಟ್ಟುಕೊಂಡೂ ತಮ್ಮ ಹತ್ತಿರ ಬರಲಿಲ್ಲ ಎಂದರೆ ಸಿಟ್ಟು ಅಷ್ಟು ಆಳವಾಗಿತ್ತು. ನಾಲ್ಕು ತಿಂಗಳು ಒಬ್ಬನೇ ಕನ್ನಡಿಯಲ್ಲಿ ನೋಡಿಕೊಂಡು ನೋವು ನುಂಗಿದ. ತಾವು ಬಿಗುಮಾನದಿಂದ ಫೋನಿನ ಕಡೆ ಬೆನ್ನು ತಿರುಗಿಸಿ ಕೂತಿದ್ದರು.

"ಅತ್ತಿಗೆ, ನಾನೊಂದು ತಪ್ಪು ಮಾಡಿದ್ದೆ," ಎಂದು ಅವರು ಹೇಳಿಬಿಟ್ಟರು. ಧೂಳು ಒರೆಸುವ ಸುಳ್ಳಿನಿಂದ ಹಿಡಿದು ಬಿಳಿ ಗೆರೆಯವರೆಗೆ ಎಲ್ಲ ಹೇಳಿದರು. ಮನೆಯ ಮುಂದೆ ಕಾರು ನಿಂತ ಮೇಲೂ ಹೇಳುತ್ತಿದ್ದರು.

ಆಕೆ ಪೂರ್ತಿ ಕೇಳಿದರು. "ಸಿಟ್ಟಂತೂ ಬಂದಿತ್ತು," ಎಂದರು ಕೊನೆಗೆ. ಸುಳ್ಳು ಹೇಳಿ ಸಮಾಧಾನ ಮಾಡುವ ಹೆಂಗಸಲ್ಲ ಆಕೆ. "ಒಂದು ವಾರ ನಿಮ್ಮ ಹೆಸರೇ ಎತ್ತಲಿಲ್ಲ. ಊಟಾನೂ ಸರಿಯಾಗಿ ಮಾಡಲಿಲ್ಲ. ಆಮೇಲೆ ಮತ್ತೆ ಕೆಲಸಕ್ಕೆ ಕೂತ್ರು. ದಿನಾ ಐದು. ಆರನೇದು ಮುಟ್ಟಿದ್ರೆ ಕೈ ನಡುಗತ್ತೆ ಅಂತಿದ್ರು. ಏನು ಮಾಡ್ತಿದ್ರೋ ನಂಗೊತ್ತಿಲ್ಲ. ನನ್ನ ಕಣ್ಣಿಗೆ ಅಷ್ಟು ಸಣ್ಣದು ಕಾಣಲ್ಲ. ಬನ್ನಿ, ನೀವೇ ನೋಡಿ."

"ಇವತ್ತು ಆ ಬಾಗಿಲು ತೆಗೀಬಾರ್ದು ಅಂದ್ರಲ್ಲ."

"ಅದು ಚೀಲ ಇಡೋರಿಗೆ ಹೇಳಿದ್ದು," ಎಂದರು ಆಕೆ ಕಾರಿನಿಂದ ಇಳಿಯುತ್ತ.

ಒಳಕೋಣೆಯಲ್ಲಿ ಕಿಟಕಿಯ ಪಕ್ಕ ಮೇಜು, ಮೇಜಿನ ಮೇಲೆ ದೀಪ, ಭೂತಗನ್ನಡಿ, ನೀರಿನ ಲೋಟ. ಗೋಡೆಯ ತುಂಬ ಸಾರ್ಟಿಂಗ್ ಕಚೇರಿಯವರು ಬೇಡವೆಂದು ಎಸೆಯಲಿದ್ದ ಗೂಡುಗಳ ಹಳೆಯ ಬೀರು. ಎಂಟು ಸಾಲು, ಸಾಲಿಗೆ ಎಂಟು ಗೂಡು, ಗೂಡಿಗೊಂದು ಪಟ್ಟಿ. ಅತ್ತಿಗೆ ಕುರ್ಚಿ ಎಳೆದು ಬಾಗಿಲ ಹತ್ತಿರ ಕೂತರು.

ಡಾಕ್ಟರು ಭೂತಗನ್ನಡಿ ಎತ್ತಿಕೊಂಡು ನೇರವಾಗಿ ಕೆಳಗಿನ ಸಾಲಿನ ಕೊನೆಯ ನಾಲ್ಕು ಗೂಡಿಗೆ ಕೈಹಾಕಿದರು. ಮೊಣಕಾಲೂರಿ ಕೂತು ಮೊದಲ ಪಟ್ಟಿಯನ್ನು ಬೆಳಕಿಗೆ ಹಿಡಿದರು. ಹಲ್ಲು ಇತ್ತು. ಹತ್ತು ಜನರಲ್ಲೂ ತಮ್ಮದೇ ಗೆರೆ, ಎಡದಿಂದ ಬಲಕ್ಕೆ. ಎರಡನೆಯದರಲ್ಲಿ, ಮೂರನೆಯದರಲ್ಲಿ, ಎಲ್ಲ ಹಾಗೇ ಇತ್ತು. ಅಳಿಸಿಲ್ಲ. ಅವರ ಉಸಿರು ಹಗುರವಾಯಿತು. ನಾಲ್ಕನೆಯ ಪಟ್ಟಿಯ ಮೊದಲನೆಯವನ ಹತ್ತಿರ ಬಂದಾಗ ಕೈ ನಿಂತಿತು.

ಅವನ ಬಾಯಿ ಬೇರೆಯಾಗಿತ್ತು. ಮೀಸೆಯ ಕೆಳಗೆ ಕಂದು ಬಣ್ಣ ದಪ್ಪವಾಗಿ ಕೂತಿತ್ತು. ತಮ್ಮ ಗೆರೆಯನ್ನು ಮುಚ್ಚಿದ ಬಣ್ಣ ಅದು. ಆ ಕಂದಿನ ಮೇಲೆ ಮತ್ತೆ ಬಿಳಿ. ಗೆರೆಯಲ್ಲ, ಬ್ರಷ್ಷಿನ ತುದಿಯಿಂದ ಒತ್ತಿಟ್ಟ ಎರಡು ಚುಕ್ಕೆ. ಅದು ತಮ್ಮ ಕೈಯಲ್ಲ. ಬಾಯಿಯ ವಿಷಯದಲ್ಲಿ ಅವರ ಕಣ್ಣಿಗೆ ಯಾರೂ ಮೋಸ ಮಾಡುವಂತಿರಲಿಲ್ಲ. ನಿಧಾನಿ ಸಿಟ್ಟಿನಲ್ಲಿ ಒಂದು ಬಾಯಿ ಮುಚ್ಚಿದ್ದ. ಮುಚ್ಚಿ, ನೋಡಿ, ಮತ್ತೆ ತೆರೆದಿದ್ದ. ಎರಡನೆಯವನನ್ನು ಮುಟ್ಟಿರಲಿಲ್ಲ.

ಡಾಕ್ಟರು ಗಡಬಡಿಸಿ ಎದ್ದು ಮೇಲಿನ ಸಾಲಿನ ಮೊದಲ ಪಟ್ಟಿ ಎಳೆದರು. ಮೂರು ವರ್ಷದ ಹಿಂದೆ ಮುಗಿದ ಮುಖಗಳು ಅವು. ಹುಬ್ಬು ಗಂಟಿಕ್ಕಿ ಬಾಯಿ ಮುಚ್ಚಿಕೊಂಡಿದ್ದವರು. ಅವರ ಮೀಸೆಯ ಕೆಳಗೆ ಎರಡೆರಡು ಬಿಳಿ ಚುಕ್ಕೆ. ಪಕ್ಕದ ಪಟ್ಟಿಯಲ್ಲೂ ಹಾಗೇ, ಎರಡನೆಯ ಸಾಲಿನಲ್ಲೂ ಹಾಗೇ. ಡಾಕ್ಟರು ಒಂದೊಂದೇ ಪಟ್ಟಿ ಎಳೆದು ನೋಡುತ್ತ, ಒಂದೊಂದನ್ನೂ ಮತ್ತೆ ಅದರ ಗೂಡಿಗೇ ಇಡುತ್ತ ಸಾಲು ಸಾಲಾಗಿ ಕೆಳಗಿಳಿದರು. ನಲವತ್ತು ಬಾಯಿ ಮುಚ್ಚಿದ್ದರೆ ಎಂಟು ದಿನದ ಕೆಲಸ. ಅವನು ಆ ಕೆಲಸ ಬಿಟ್ಟು ಉಳಿದ ಆರುನೂರು ಬಾಯಿ ತೆರೆಯಲು ಕೂತಿದ್ದ. ಗಂಟಿಕ್ಕಿದ ಹುಬ್ಬಿನ ಕೆಳಗೆ ನಗು ಎಷ್ಟು ಕಾಣಬೇಕು ಎಂದು ದಿನಾ ಬೆಳಿಗ್ಗೆ ತನ್ನ ಮುಖವನ್ನೇ ಕನ್ನಡಿಯಲ್ಲಿ ನೋಡಿಕೊಂಡು ಬಂದು ಹಚ್ಚಿದ್ದ. ಯುದ್ಧಕ್ಕೆ ಹೊರಟ ದಂಡೊಂದು ಹೀಗೆ ಹಲ್ಲು ಬಿಟ್ಟುಕೊಂಡು ಹೊರಟದ್ದು ಯಾವ ಚರಿತ್ರೆಯಲ್ಲೂ ಇರಲಿಕ್ಕಿಲ್ಲ.

ಡಾಕ್ಟರು ಬೀರುವಿಗೆ ಹಣೆ ಹಚ್ಚಿ ಅತ್ತರು. ಬೆಳಿಗ್ಗೆಯಿಂದ ಬಾರದಿದ್ದ ಅಳು ಈಗ ಒಟ್ಟಿಗೇ ಬಂತು. ಅದು ಇಳಿದ ಮೇಲೆ ಅತ್ತಿಗೆ ಕೇಳಿದರು.

"ಏನು ಮಾಡಿದ್ದಾರೆ?"

"ಎಲ್ಲರನ್ನೂ ನಗಿಸಿದ್ದಾನೆ ಅತ್ತಿಗೆ."

"ಅಷ್ಟೂ ಜನರನ್ನ?"

"ಆರುನೂರೂ." ಹೇಳಿದ ಮೇಲೆ ಅವರ ಕಣ್ಣು ಮೇಜಿನ ಮೇಲೆ ಹೋಯಿತು. ಅಲ್ಲಿ ಎರಡು ಪಟ್ಟಿ ಹೊರಗೇ ಇದ್ದವು. ಒಂದರಲ್ಲಿ ಒಂಬತ್ತು ಜನ ನಗುತ್ತಿದ್ದರು, ಹತ್ತನೆಯವನಿಗೆ ಇನ್ನೂ ಬಾಯಿ ಮುಚ್ಚಿತ್ತು. ಇನ್ನೊಂದು ಪಟ್ಟಿಯನ್ನು ಮುಟ್ಟಿಯೇ ಇರಲಿಲ್ಲ. "ಇಲ್ಲ. ಹನ್ನೊಂದು ಜನ ಬಾಕಿ."

"ನಿನ್ನೆ ಊಟಕ್ಕೆ ಬಂದಾಗ ನಾಲ್ಕಾಯ್ತು ಅಂದಿದ್ರು," ಎಂದರು ಆಕೆ. "ಸ್ವಲ್ಪ ಅಡ್ಡಾಗಿ ಎದ್ದು ಐದನೇದು ಮಾಡಿ, ಸಂಜೆ ನಿಮಗೆ ಫೋನು ಮಾಡ್ತೀನಿ ಅಂದ್ರು. ಇನ್ನೆರಡು ದಿನದ ಕೆಲಸ, ಹಲಗೆ ಇಳಿಸೋಕೆ ಅವನನ್ನೇ ಕರೀಬೇಕು ಅಂತಿದ್ರು."

ಕಿಟಕಿಯಲ್ಲಿ ಇನ್ನೂ ಒಂದು ಗಂಟೆಯ ಬೆಳಕಿತ್ತು. ಹಿತ್ತಿಲಿನಿಂದ ಮಗಳು ಯಾರಿಗೋ ಲೋಟ ಎಣಿಸಿಡಲು ಹೇಳುವುದು ಕೇಳುತ್ತಿತ್ತು. ಡಾಕ್ಟರು ಒಂಬತ್ತು ಜನ ನಗುತ್ತಿದ್ದ ಪಟ್ಟಿಯ ಮುಂದೆ ನಿಂತರು. ಕೈ ಮುಂದೆ ಹೋದದ್ದು ಅರ್ಧಕ್ಕೇ ನಿಂತಿತು.

"ಅತ್ತಿಗೆ, ಇವನ ಕೆಲಸ ನಾನು ಮುಟ್ಟಬಹುದಾ?"

ಆಕೆ ಎದ್ದು ಬಂದು, ಲೋಟದಲ್ಲಿದ್ದ ನಿನ್ನೆಯ ನೀರನ್ನು ಕಿಟಕಿಯಾಚೆ ಚೆಲ್ಲಿ, ಹೊಸ ನೀರು ತಂದಿಟ್ಟು, ದೀಪ ಹಾಕಿದರು.

ಡಾಕ್ಟರು ಮೇಜಿನ ಮುಂದಿನ ನಿಧಾನಿಯ ಕುರ್ಚಿಯಲ್ಲಿ ಅಳುಕುತ್ತಲೇ ಕೂತರು. ಬಿಳಿ ಬಣ್ಣದ ಸೀಸೆಯ ಮುಚ್ಚಳ ತೆಗೆದರು. ಬ್ರಷ್ಷನ್ನು ಅದ್ದಿ, ತುದಿಯನ್ನು ಬಟ್ಟೆಗೆ ಒತ್ತಿ, ಹತ್ತನೆಯವನ ಮೀಸೆಯ ಕೆಳಗೆ ತಂದರು. ನಲವತ್ತೈದು ವರ್ಷದ ಅಭ್ಯಾಸ ಎಡದಿಂದ ಬಲಕ್ಕೆ ಎಳೆಯಲು ಹೊರಟಿತ್ತು, ಅದನ್ನು ತಡೆದರು. ಉಸಿರು ಬಿಟ್ಟು ಒಂದು ಚುಕ್ಕೆ ಇಟ್ಟರು. ಅದರ ಪಕ್ಕ ಇನ್ನೊಂದು. ಅಷ್ಟಕ್ಕೇ ಐದು ನಿಮಿಷ ಹಿಡಿಯಿತು.

ಉಳಿದ ಹತ್ತು ಜನರ ಪಟ್ಟಿ ಕೈಗೆಟಕುವಷ್ಟು ಹತ್ತಿರದಲ್ಲೇ ಇತ್ತು. ಬಣ್ಣ ಹಸಿಯಿತ್ತು, ಬೆಳಕಿತ್ತು, ಡಾಕ್ಟರ ಕೈಗೆ ಅದು ಒಂದು ಗಂಟೆಯೂ ಹಿಡಿಯದ ಕೆಲಸ.

"ಐದಾಯ್ತು," ಎಂದು ಅವರು ಸೀಸೆಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದರು. "ನಾಳೆ ಬರ್ತೀನಿ ಅತ್ತಿಗೆ."

ಬ್ರಷ್ಷನ್ನು ಹೊಸ ನೀರಿನಲ್ಲಿ ಮೂರು ಸಲ ಆಡಿಸಿ, ತುದಿಯನ್ನು ತಮ್ಮ ತುಟಿಯಲ್ಲಿ ಚೂಪು ಮಾಡಿ, ನಿಧಾನಿ ಇಡುತ್ತಿದ್ದ ಜಾಗದಲ್ಲೇ ಇಟ್ಟರು. ದೀಪದ ಕೆಳಗೆ ಹತ್ತು ಜನ ನಗುತ್ತಿದ್ದರು. ಇನ್ನು ಹತ್ತು ಜನ ಬಾಯಿ ಮುಚ್ಚಿಕೊಂಡು, ಹೆಗಲ ಮೇಲೆ ಬಂದೂಕು ಹೊತ್ತು ತಮ್ಮ ಸರದಿಗೆ ಕಾಯುತ್ತಿದ್ದರು.